ಬೆಳ್ಳಿ ನಾಣ್ಯಕ್ಕೆ ಸಿಲ್ವರ್ ಡಿಪ್: ಕೆಲವು ವರ್ಷ ಬಳಸಿದ ಮೇಲೆ

ಬೆಳ್ಳಿ ಸಾಮಾನು ತೊಳೆಯಲು ಸಿಲ್ವರ್ ಡಿಪ್ ದ್ರವ ಬಳಸಲು ಶುರು ಮಾಡಿ ಕೆಲವು ವರ್ಷಗಳಾದವು. ಬಾಟಲಿ ಮುಗಿದಾಗ ಮತ್ತೆ ಅದನ್ನೇ ತರುತ್ತೇನೆ. ಅಂದರೆ ನನಗೆ ಹಿಡಿಸಿದೆ ಅಂತಲೇ ಲೆಕ್ಕ. ಆದರೆ ಹಳೆಯ ನಾಣ್ಯದ ಮಾತು ಬಂದರೆ ನನ್ನ ಅಭಿಪ್ರಾಯ ಬೇರೆ. ಆನ್‌ಲೈನ್‌ನಲ್ಲಿ ನೋಡಿದರೆ "ಅಜ್ಜಿಯ ನಾಣ್ಯ ಅದ್ದಿದೆ, ಹೊಸದಾಯ್ತು, ಐದು ಸ್ಟಾರ್" ಅನ್ನುವ ವಿಮರ್ಶೆಗಳೇ ಜಾಸ್ತಿ. ಎಲ್ಲಾ ಅದ್ದಿದ ದಿನವೇ ಬರೆದವು. ಎರಡು ಮಳೆಗಾಲ ಕಳೆದ ಮೇಲೆ ಆ ನಾಣ್ಯ ಹೇಗಿದೆ ಅಂತ ಯಾರೂ ಹೇಳುವುದಿಲ್ಲ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಬೇರೆ ಬೇರೆ ಕಂಪನಿಗಳದ್ದು ತಂದು ನೋಡಿದ್ದೇನೆ, ಕೆಲಸದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಈ ಥರದ ದ್ರವಗಳಲ್ಲಿ ಸಾಮಾನ್ಯವಾಗಿ ಇರುವುದು ಥಯೋಯೂರಿಯಾ, ಜೊತೆಗೆ ಒಂದು ಆಮ್ಲ. ಮುಚ್ಚಳ ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ. ಥಯೋಯೂರಿಯಾ ಕ್ಯಾನ್ಸರ್ ತರಬಹುದು ಅನ್ನುವ ಶಂಕೆ ಇರುವ ರಾಸಾಯನಿಕ. ಹಾಗಾಗಿ ಕೈಗವಸು ಹಾಕಿ, ಕಿಟಕಿ ತೆರೆದಿಟ್ಟು ಮಾಡುವ ಕೆಲಸ ಇದು. ಅಡುಗೆಮನೆ ಸಿಂಕ್‌ನಲ್ಲಿ ಬೇಡ. ನಾನು ಯುಟಿಲಿಟಿಯಲ್ಲಿ ಮಾಡುತ್ತೇನೆ. ಸ್ಟೀಲ್ ಬಟ್ಟಲೂ ಬೇಡ, ಆಮ್ಲ ಸ್ಟೀಲನ್ನು ತಿನ್ನುತ್ತದೆ. ಗಾಜಿನ ಬಟ್ಟಲು, ಪ್ಲಾಸ್ಟಿಕ್ ಚಿಮುಟ ಸಾಕು.

ನಮ್ಮ ಮನೆಯಲ್ಲಿ ಇರುವುದು ಎರಡು ಜಾತಿಯ ನಾಣ್ಯ. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಗೆ ಅಂತ ತಂದ ಲಕ್ಷ್ಮಿ ನಾಣ್ಯಗಳು ಒಂದು. ಇವು 999 ಶುದ್ಧತೆಯ ಬೆಳ್ಳಿ. ಇನ್ನೊಂದು, ಅಜ್ಜಿಯ ಕಾಲದಿಂದ ಬಂದ ಬೆಳ್ಳಿ ರೂಪಾಯಿಗಳು. ವಿಕ್ಟೋರಿಯಾ ರಾಣಿಯದು, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್ ಎಲ್ಲಾ ಇವೆ. ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು, ಎರಡೂ ಕಪ್ಪಾಗುತ್ತಿದ್ದವು. ಆದರೆ ಎರಡಕ್ಕೂ ಒಂದೇ ಮದ್ದು ಅಲ್ಲ.

ಮೊದಲು ಲಕ್ಷ್ಮಿ ನಾಣ್ಯದ ವಿಷಯ. ಇಲ್ಲಿ ಡಿಪ್‌ಗೆ ಒಳ್ಳೆಯ ಅಂಕ. ಈ ನಾಣ್ಯಗಳಲ್ಲಿ ದೇವಿಯ ರೂಪ ಮಸುಕಾಗಿ, ಹಿನ್ನೆಲೆ ಕನ್ನಡಿ ಥರ ಹೊಳೆಯುವಂತೆ ಮಾಡಿರುತ್ತಾರೆ. ಹಲ್ಲುಪುಡಿ, ವಿಭೂತಿ, ಬೆಳ್ಳಿ ಪೌಡರ್ ಯಾವುದರಲ್ಲೇ ಬೆಳಗಿದರೂ ಆ ಕನ್ನಡಿಯ ಮೇಲೆ ಸಣ್ಣ ಗೀರು ಬಿದ್ದೇ ಬೀಳುತ್ತದೆ. ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡಿದರೆ ಕಾಣುತ್ತದೆ. ಡಿಪ್‌ನಲ್ಲಿ ಉಜ್ಜುವ ಮಾತೇ ಇಲ್ಲ. ಐದಾರು ಸೆಕೆಂಡು ಅದ್ದಿ ತೆಗೆದರೆ ಕಪ್ಪು ಮಾಯ. ಒಂದೇ ಎಚ್ಚರಿಕೆ, ಅರಿಶಿನ ಕುಂಕುಮ ಅಂಟಿದ್ದರೆ ಮೊದಲು ಬೆಚ್ಚನೆ ಸೋಪು ನೀರಿನಲ್ಲಿ ನೆನೆಸಿ ಬಿಡಿಸಿಕೊಳ್ಳಬೇಕು. ಎಣ್ಣೆ ಜಿಡ್ಡಿನ ಮೇಲೆ ಡಿಪ್ ಕೆಲಸ ಮಾಡುವುದಿಲ್ಲ, ಅಲ್ಲಲ್ಲಿ ಕಲೆ ಉಳಿಯುತ್ತದೆ.

ಇನ್ನು ಹಳೆಯ ರೂಪಾಯಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್‌ನಿಂದ. ಬೆಳ್ಳಿಯ ಮೇಲ್ಪದರ ಸಿಲ್ವರ್ ಸಲ್ಫೈಡ್ ಆಗುತ್ತದೆ. ಪದರ ತೆಳುವಾಗಿದ್ದಾಗ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ಅಂದರೆ ಆ ಕಪ್ಪು ಮೇಲೆ ಬಂದು ಕೂತ ಕೊಳೆ ಅಲ್ಲ, ನಾಣ್ಯದ ಬೆಳ್ಳಿಯೇ ಹಾಗೆ ಬದಲಾಗಿದೆ. ಡಿಪ್ ಅದನ್ನು ಕರಗಿಸುತ್ತದೆ. ಕರಗಿದ್ದು ಬೆಳ್ಳಿ ಸಮೇತ ಬಟ್ಟಲಿಗೆ ಹೋಯಿತು. ಒಂದು ಸಲಕ್ಕೆ ಹೋಗುವುದು ತೀರಾ ಕಡಿಮೆ, ತಕ್ಕಡಿಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹದ ಮೇಲೆ ಅತಿ ಸಣ್ಣ ಗೆರೆಗಳು ಮೂಡಿರುತ್ತವೆ. ನಾಣ್ಯ ತಿರುಗಿಸಿದಾಗ ಬೆಳಕು ಸುತ್ತ ಓಡಾಡುವುದು ಅವುಗಳಿಂದಲೇ. ಮತ್ತೆ ಮತ್ತೆ ಅದ್ದಿದರೆ ಆ ಗೆರೆಗಳು ಸವೆದು ನಾಣ್ಯ ಬೆಳ್ಳಗೆ, ಪೆಚ್ಚಾಗಿ ಕಾಣುತ್ತದೆ.

ಪ್ರಯೋಗಕ್ಕೆ ನಾನು ಆರಿಸಿಕೊಂಡಿದ್ದು ಐದನೇ ಜಾರ್ಜ್‌ನ 1919ರ ರೂಪಾಯಿ. ಕಾರಣ ಇದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಇಲ್ಲಿ ಬೆಳ್ಳಿಗೆ ಹಾಹಾಕಾರ ಆಗಿತ್ತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು ತನ್ನ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಬಹುಪಾಲು ಬೆಳ್ಳಿ ಬ್ರಿಟಿಷರ ಕೈಗೆ ಬಂದು, ಇಲ್ಲಿನ ರೂಪಾಯಿಗೆ ಒದಗಿತು. ಆ ವರ್ಷಗಳ ರೂಪಾಯಿ ಲೆಕ್ಕವಿಲ್ಲದಷ್ಟು ಅಚ್ಚಾಗಿವೆ. ನಮ್ಮ ಡಬ್ಬಿಯಲ್ಲೇ ಹಲವು ಇದ್ದವು. ಒಂದು ಹಾಳಾದರೂ ಹೊಟ್ಟೆ ಉರಿಯುವುದಿಲ್ಲ.

ಒಂದನ್ನು ಅದ್ದಿದೆ, ಜೋಡಿಯನ್ನು ಹಾಗೇ ಬಿಟ್ಟೆ. ಅದ್ದಿದ್ದು ಅವತ್ತು ಫಳಫಳ ಅಂತಿತ್ತು. ಅಮ್ಮ ನೋಡಿ "ಎಲ್ಲಾದನ್ನೂ ಹೀಗೇ ಮಾಡಿಬಿಡೋ, ದೇವರ ಮುಂದೆ ಇಡೋಕೆ ಚೆನ್ನಾಗಿರುತ್ತೆ" ಅಂದರು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಷರಗಳ ಸಂದಿಯಲ್ಲಿ, ಅಂಚಿನ ಬಳ್ಳಿಯ ಸುತ್ತ ಕೊಳಕು ಹಳದಿ ಶುರುವಾಯಿತು. ಇನ್ನೊಂದು ವರ್ಷಕ್ಕೆ ತೇಪೆ ತೇಪೆಯಾಗಿ ಕಂದು. ಜೋಡಿ ನಾಣ್ಯ ಮಾತ್ರ ಮೊದಲಿದ್ದ ಹಾಗೇ ಸಮನಾದ ಬೂದು ಬಣ್ಣದಲ್ಲಿ ನೆಮ್ಮದಿಯಾಗಿದೆ. ಎಷ್ಟೇ ತೊಳೆದರೂ ಸಂದಿಯಲ್ಲಿ ಚೂರು ಥಯೋಯೂರಿಯಾ ಉಳಿದರೆ ಹೀಗಾಗುತ್ತದೆ. ಅದರಲ್ಲೂ ಗಂಧಕ ಇದೆಯಲ್ಲ. ಮತ್ತೆ ಅದ್ದಿದರೆ ಕಲೆ ಹೋಗುತ್ತದೆ, ಆದರೆ ಇನ್ನಷ್ಟು ಬೆಳ್ಳಿ ಕರಗುತ್ತದೆ. ಮುಗಿಯದ ಕಥೆ.

1940ರಿಂದ ಬಂದ ಆರನೇ ಜಾರ್ಜ್ ರೂಪಾಯಿಗೆ ಡಿಪ್ ಇನ್ನೂ ಒಗ್ಗುವುದಿಲ್ಲ. ಅದಕ್ಕೂ ಹಿಂದಿನ ರೂಪಾಯಿಗಳು 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಶೇಕಡ 91.67 ಬೆಳ್ಳಿ. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ತಾಮ್ರ, ನಿಕಲ್, ಸತು ಬೆರೆಸಿದರು. ಅದ್ದಿ ತೆಗೆದರೆ ಬೆಳ್ಳಿಯ ಬಿಳುಪು ಬರುವುದಿಲ್ಲ, ಒಂಥರಾ ಹಳದಿ ಮಿಶ್ರಿತ ಬಣ್ಣ. ಇವುಗಳ ಅಂಚಿನ ಗೆರೆಗಳ ನಡುವೆ ಸುತ್ತಲೂ ಒಂದು ತೋಡು ಇದೆ. ಖೋಟಾ ನಾಣ್ಯ ತಡೆಯಲು ಮಾಡಿದ್ದು. ಆ ತೋಡಿನೊಳಗೆ ಡಿಪ್ ಹೊಕ್ಕರೆ ತೊಳೆದು ತೆಗೆಯುವುದು ದೊಡ್ಡ ತಲೆನೋವು. ಆರನೇ ಜಾರ್ಜ್ ಇರುವ 1947ರ ರೂಪಾಯಿ ಸಿಕ್ಕಿದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ನಿಕಲ್. ಹಿಂದೆ ಹುಲಿ ಇರುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ.

ಹಾಗಂತ ಡಿಪ್ ಬಿಟ್ಟು ಪೌಡರ್ ಹಿಡಿಯಬೇಡಿ. ಅದು ಇನ್ನೂ ಕೆಟ್ಟದ್ದು. ಐದನೇ ಜಾರ್ಜ್ ರೂಪಾಯಿ ಇದ್ದರೆ ಭೂತಗನ್ನಡಿ ಹಿಡಿದು ರಾಜನ ಎದೆ ನೋಡಿ. ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟಾಣಿ ಆನೆ ಇದೆ. 1911ರ ನಾಣ್ಯದಲ್ಲಿ ಅದರ ಸೊಂಡಿಲು ಮೋಟಾಗಿ, ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆ ಆಯಿತು. ಅಚ್ಚಾದದ್ದರಲ್ಲಿ ಬಹಳಷ್ಟನ್ನು ವಾಪಸು ಕರಗಿಸಿದರು. 1912ರಿಂದ ಸೊಂಡಿಲು ತಿದ್ದಿ ಉದ್ದ ಮಾಡಿದರು. ಸಂಗ್ರಹಕಾರರು 1911ಕ್ಕೆ ಜಾಸ್ತಿ ಬೆಲೆ ಕೊಡುವುದು ಇದಕ್ಕೇ. ನಮ್ಮ ಸೋದರತ್ತೆಯ ಹತ್ತಿರ ಒಂದು ಜಾರ್ಜ್ ರೂಪಾಯಿ ಇದೆ. ಪ್ರತಿ ಹಬ್ಬಕ್ಕೂ ಹಲ್ಲುಪುಡಿಯಲ್ಲಿ ಬೆಳಗಿ ಬೆಳಗಿ ಆನೆ ಇರುವ ಜಾಗದಲ್ಲಿ ಈಗ ಒಂದು ನುಣ್ಣನೆ ಉಬ್ಬು ಅಷ್ಟೇ. ಆನೆಯೂ ಅಲ್ಲ, ಹಂದಿಯೂ ಅಲ್ಲ. ರಾಜನ ಕಿವಿ, ಗಡ್ಡದ ಎಳೆ ಎಲ್ಲಾ ಹೋಗಿದೆ. ಹೊಳಪು ಮಾತ್ರ ಬೊಂಬಾಟ್.

ಅಲ್ಯುಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನ ಉಪಾಯವನ್ನೂ ನೋಡಿದ್ದೇನೆ. ಅದರ ಹಿಂದಿನ ರಸಾಯನಶಾಸ್ತ್ರ ಚೆನ್ನಾಗಿದೆ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯುಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ನಾಣ್ಯದಲ್ಲೇ ಉಳಿಯುತ್ತದೆ. ಖರ್ಚೂ ಇಲ್ಲ. ಕಾಲ್ಗೆಜ್ಜೆ, ಉಡಿದಾರ, ಕುಂಕುಮದ ಬಟ್ಟಲಿಗೆ ನಾನು ಈಗಲೂ ಇದನ್ನೇ ಮಾಡುತ್ತೇನೆ. ಆದರೆ ವಾಪಸು ಬಂದ ಬೆಳ್ಳಿ ಮೊದಲಿನ ನುಣುಪಿನಲ್ಲಿ ಕೂರುವುದಿಲ್ಲ. ನಾಣ್ಯ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಳ್ಳುತ್ತದೆ.

ಹಾಗಾದರೆ ಹಳೆಯ ರೂಪಾಯಿಗೆ ಏನು ಮಾಡಬೇಕು? ಕಪ್ಪನ್ನು ಮುಟ್ಟದೆ ಕೊಳೆಯನ್ನಷ್ಟೇ ತೆಗೆಯಬೇಕು. ಡಿಸ್ಟಿಲ್ಡ್ ವಾಟರ್‌ನಲ್ಲಿ ರಾತ್ರಿ ನೆನೆಹಾಕಿ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್ ಸಿಗುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಬಿಳಿ ಚುಕ್ಕೆ ಬಿಡುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರಲ್ಲೂ ಕ್ಲೋರಿನ್ ಇರುತ್ತದೆ, ಅದೂ ಬೆಳ್ಳಿಗೆ ಆಗಿಬರುವುದಿಲ್ಲ. ಎಣ್ಣೆ ಜಿಡ್ಡು, ಪ್ಲಾಸ್ಟಿಕ್ ಅಂಟು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಕೆಲವು ನಿಮಿಷ ಅದ್ದಿ. ಅಸಿಟೋನ್ ಬೆಳ್ಳಿಯನ್ನೂ ಮುಟ್ಟುವುದಿಲ್ಲ, ಕಪ್ಪನ್ನೂ ಮುಟ್ಟುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವ ಇದಕ್ಕೆ ಬದಲಿ ಅಲ್ಲ, ಅದರಲ್ಲಿ ಬಣ್ಣ, ಸುವಾಸನೆ, ಎಣ್ಣೆ ಬೆರೆಸಿರುತ್ತಾರೆ. ಅಸಿಟೋನ್ ಬಳಸುವಾಗ ದೀಪ, ಒಲೆ ಹತ್ತಿರ ಇರಬಾರದು, ಭಗ್ಗನೆ ಹತ್ತಿಕೊಳ್ಳುತ್ತದೆ. ಆಮೇಲೆ ಒರೆಸಬೇಡಿ. ಮೆತ್ತನೆ ಹತ್ತಿ ಬಟ್ಟೆಯ ಮೇಲೆ ಇಟ್ಟು, ಮೇಲಿಂದ ಬಟ್ಟೆ ಒತ್ತಿ ನೀರು ಹೀರಿಸಿ. ಹಿಡಿಯುವಾಗ ಅಂಚು ಹಿಡಿಯಿರಿ.

ಇಷ್ಟೆಲ್ಲಾ ಮಾಡಿದ ಮೇಲೂ ನಾಣ್ಯ ಕಪ್ಪಾಗಿಯೇ ಇರುತ್ತದೆ. ಇರಲಿ ಬಿಡಿ. ಎನ್‌ಜಿಸಿ, ಪಿಸಿಜಿಎಸ್ ಥರದ ಗ್ರೇಡಿಂಗ್ ಕಂಪನಿಗಳು ಉಜ್ಜಿ ತೊಳೆದ ನಾಣ್ಯಕ್ಕೆ ಮಾಮೂಲಿ ಅಂಕ ಕೊಡುವುದಿಲ್ಲ, 'ತೊಳೆದದ್ದು' ಅಂತ ಬರೆದುಬಿಡುತ್ತವೆ. ಸಂಗ್ರಹಕಾರರೂ ಮೊದಲು ನೋಡುವುದು ಅದನ್ನೇ. ಕರಗಿಸುವ ಲೆಕ್ಕದಲ್ಲಿ ಮಾರುವುದಾದರೆ ಕಪ್ಪೋ ಬಿಳುಪೋ ಒಂದೇ. 1940ಕ್ಕೂ ಹಿಂದಿನ ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ, ಅಷ್ಟಕ್ಕೇ ಬೆಲೆ. ಅಂದಮೇಲೆ ಯಾವ ಲೆಕ್ಕದಲ್ಲಿ ನೋಡಿದರೂ ಬೆಳಗುವುದರಿಂದ ಲಾಭವಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆ, ನಗರ್ತಪೇಟೆ ಕಡೆ ಬೆಳ್ಳಿ ಪಾಲಿಶ್ ಮಾಡಿಕೊಡುವವರು ಇದ್ದಾರೆ. ದೀಪ, ತಟ್ಟೆ, ಚೊಂಬಿಗೆ ಅದು ಸರಿ. ನಾಣ್ಯ ಮಾತ್ರ ಕೊಡಬೇಡಿ, ಚಕ್ರಕ್ಕೆ ಹಿಡಿದರೆ ಮೇಲ್ಮೈ ಅಲ್ಲಿಗೆ ಮುಗಿಯಿತು.

ಶುಚಿ ಮಾಡುವುದಕ್ಕಿಂತ ಇಡುವ ಜಾಗದ ಬಗ್ಗೆ ಯೋಚಿಸಿದ್ದೇ ನನಗೆ ಹೆಚ್ಚು ಫಲ ಕೊಟ್ಟಿದ್ದು. ನಮ್ಮ ಅಕ್ಕನ ಮನೆ ಕೆಂಗೇರಿ ಕಡೆ, ಕೊಳಚೆ ಹರಿಯುವ ವೃಷಭಾವತಿ ನದಿಯ ಹತ್ತಿರ. ಒಂದೇ ಹಬ್ಬಕ್ಕೆ ತಂದ ಲಕ್ಷ್ಮಿ ನಾಣ್ಯ ಅವಳ ಮನೆಯಲ್ಲಿ ಬೇಗ ಕಪ್ಪಾಗುತ್ತದೆ, ಬಸವನಗುಡಿಯ ನಮ್ಮ ಮನೆಯಲ್ಲಿ ತಡವಾಗಿ. ಕೊಳಚೆ ನೀರಿನಿಂದ ಏಳುವುದು ಅದೇ ಹೈಡ್ರೋಜನ್ ಸಲ್ಫೈಡ್. ರಾಜಕಾಲುವೆ ಪಕ್ಕ ಇರುವವರು ಡಿಪ್ ಬಾಟಲಿಗೆ ಮೊದಲು ಗಾಳಿ ಆಡದ ಡಬ್ಬಿಗೆ ದುಡ್ಡು ಹಾಕುವುದು ಒಳ್ಳೆಯದು. ರಬ್ಬರ್ ಬ್ಯಾಂಡ್ ಸುತ್ತಬೇಡಿ, ರಬ್ಬರಿನಲ್ಲೂ ಗಂಧಕ ಇರುತ್ತದೆ. ಉಣ್ಣೆ ಬಟ್ಟೆಯೂ ಬೇಡ. ಮೆತ್ತನೆಯ ಪಿವಿಸಿ ಪೌಚ್‌ಗಳಲ್ಲಿ ಇಟ್ಟರೆ ಕಾಲಕ್ರಮೇಣ ಹಸಿರು ಅಂಟು ಬರುತ್ತದೆ. ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಹೋಲ್ಡರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ತಗೊಳ್ಳಿ. ರೂಪಾಯಿಯ ಅಗಲ 30 ಮಿಲಿಮೀಟರ್‌ಗಿಂತ ತುಸು ಜಾಸ್ತಿ, ಕ್ಯಾಪ್ಸೂಲ್ ತರುವಾಗ ನೆನಪಿರಲಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ, ಗಂಧಕ ಹೀರುವ ಆಂಟಿ ಟಾರ್ನಿಶ್ ಪಟ್ಟಿ ಹಾಕಿಡುತ್ತೇನೆ. ಪಟ್ಟಿಯನ್ನು ಆಗಾಗ ಬದಲಿಸಬೇಕು. ದೇವರಮನೆಯಲ್ಲಿ ಇಡುವುದು ಲಕ್ಷ್ಮಿ ನಾಣ್ಯ ಮಾತ್ರ, ರೂಪಾಯಿಗಳು ಬೀರುವಿನಲ್ಲಿ.

ಸಿಲ್ವರ್ ಡಿಪ್‌ಗೆ ನನ್ನ ಅಂಕ: ಲಕ್ಷ್ಮಿ ನಾಣ್ಯಕ್ಕೆ ಐದಕ್ಕೆ ನಾಲ್ಕೂವರೆ, ಹಳೆಯ ರೂಪಾಯಿಗೆ ಒಂದು. ಕರಿ ಮಾಡಿದ ಕೆತ್ತನೆ ಇರುವ ಆಕ್ಸಿಡೈಸ್ಡ್ ಒಡವೆ, ಮುತ್ತು, ಹರಳು ಇರುವ ಒಡವೆ ಅದ್ದಲೇಬೇಡಿ. ಕೊಳ್ಳುವಾಗ ಚಿಕ್ಕ ಬಾಟಲಿಯೇ ಸಾಕು. ಬೇಕಾದಷ್ಟನ್ನು ಬಟ್ಟಲಿಗೆ ಸುರಿದುಕೊಂಡು ಅದ್ದಿ, ಬಳಸಿದ್ದನ್ನು ವಾಪಸು ಬಾಟಲಿಗೆ ಹಾಕಬೇಡಿ. ಹಾಕಿದರೆ ಉಳಿದದ್ದೂ ಬೇಗ ಸತ್ವ ಕಳೆದುಕೊಳ್ಳುತ್ತದೆ.