ಆಡಮ್ಸ್ ಮನೆತನದ ವಂಶಾವಳಿಗೆ ಗ್ರ್ಯಾಂಪ್ಸ್ ತಂತ್ರಾಂಶ: ಏಳು ವರ್ಷಗಳ ಬಳಕೆಯ ನಂತರ

ಅಮೆರಿಕಕ್ಕೆ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಅವರನ್ನೂ ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನೂ ಕೊಟ್ಟ ಮ್ಯಾಸಚೂಸೆಟ್ಸ್‌ನ ಆಡಮ್ಸ್ ಮನೆತನದ ವಂಶಾವಳಿಯನ್ನು ನಾನು ಏಳು ವರ್ಷಗಳಿಂದ ಗ್ರ್ಯಾಂಪ್ಸ್ ಎಂಬ ತಂತ್ರಾಂಶದಲ್ಲಿ ಜೋಡಿಸುತ್ತ ಬಂದಿದ್ದೇನೆ. ಗ್ರಂಥಾಲಯದ ಕೆಲಸದಿಂದ ನಿವೃತ್ತನಾದ ಮೇಲೆ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಬಾಸ್ಟನ್ನಿನ ದಕ್ಷಿಣಕ್ಕಿರುವ ಕ್ವಿನ್ಸಿ ಊರಿಗೆ ಹೋಗಿ ಆ ಮನೆತನದ ಮನೆಗಳನ್ನು ನೋಡಿದ್ದೆ. ಅಲ್ಲಿಂದ ಹಿಂತಿರುಗಿದ ಮೇಲೆ ಆರಂಭಿಸಿದ ಕೆಲಸ ಇದು. ಈ ತಂತ್ರಾಂಶವನ್ನು ಕನ್ನಡದಲ್ಲಿ ಯಾರಾದರೂ ವಿವರವಾಗಿ ಪರಿಚಯಿಸಿದ್ದನ್ನು ನಾನು ಕಂಡಿಲ್ಲವಾದ್ದರಿಂದ, ಇಷ್ಟು ಕಾಲದ ಅನುಭವವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಐದು ನಕ್ಷತ್ರಗಳಲ್ಲಿ ನಾನು ಇದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಒಂದು ನಕ್ಷತ್ರದ ಕಾರಣವನ್ನು ಮುಂದೆ ಹೇಳಿದ್ದೇನೆ.

ಗ್ರ್ಯಾಂಪ್ಸ್ ಉಚಿತ ತಂತ್ರಾಂಶ. ಸ್ವಯಂಸೇವಕರು ಕಟ್ಟಿ ನಿಭಾಯಿಸುತ್ತಿರುವ ಇದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಮಾಹಿತಿಯೆಲ್ಲ ನಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ. ಚಂದಾ ನಿಲ್ಲಿಸಿದರೆ ಶ್ರಮ ಕೈತಪ್ಪುವ ಭಯವಿಲ್ಲ. ಆದರೆ ಕೊಳ್ಳುವವರು, ಅಂದರೆ ಇಳಿಸಿಕೊಳ್ಳುವವರು, ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು: ಇದು ದಾಖಲೆಗಳನ್ನು ಹುಡುಕಿಕೊಡುವುದಿಲ್ಲ. ಚಂದಾ ಕಟ್ಟಿಸಿಕೊಳ್ಳುವ ಜಾಲತಾಣಗಳಂತೆ ಹೆಸರು ಬರೆದ ಕೂಡಲೇ ಜನಗಣತಿಯ ಪುಟವನ್ನೋ ಚರ್ಚಿನ ದಾಖಲೆಯನ್ನೋ ಮುಂದಿಡುವುದಿಲ್ಲ. ನಾವು ಬೇರೆಡೆ ಹುಡುಕಿ ತಂದದ್ದನ್ನು ಒಪ್ಪವಾಗಿ ಇಟ್ಟುಕೊಳ್ಳುವುದಷ್ಟೇ ಇದರ ಕೆಲಸ.

ಆಡಮ್ಸ್ ಮನೆತನದ ವಿಷಯದಲ್ಲಿ ಇದು ಕೊರತೆಯೇ ಆಗಲಿಲ್ಲ. ತಮ್ಮ ಬಗ್ಗೆ ಇಷ್ಟೊಂದು ಬರೆದಿಟ್ಟುಹೋದ ಮನೆತನಗಳು ವಿರಳ. ಜಾನ್ ಮತ್ತು ಅಬಿಗೇಲ್ ದಂಪತಿಗಳು ಒಬ್ಬರಿಗೊಬ್ಬರು ಬರೆದ ಪತ್ರಗಳೇ ಸಾವಿರಕ್ಕೂ ಹೆಚ್ಚು ಉಳಿದಿವೆ. ಅವರ ಮಗ ಜಾನ್ ಕ್ವಿನ್ಸಿ 1779ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಆರಂಭಿಸಿದ ದಿನಚರಿ 1848ರಲ್ಲಿ ಅವರು ಸಾಯುವವರೆಗೆ ಮುಂದುವರಿದು 51 ಸಂಪುಟಗಳಾಗಿದೆ. ಈ ಕಾಗದಪತ್ರಗಳನ್ನು ಮನೆತನದವರು 1956ರಲ್ಲಿ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಒಪ್ಪಿಸಿದರು. ಇಂದು ಆ ದಿನಚರಿಯ ಪುಟಗಳನ್ನು ಸೊಸೈಟಿಯ ಜಾಲತಾಣದಲ್ಲಿಯೂ, ಪತ್ರಗಳ ಸಂಪಾದಿತ ಪಾಠವನ್ನು ಅಮೆರಿಕದ ರಾಷ್ಟ್ರೀಯ ದಾಖಲಾತಿ ಸಂಸ್ಥೆಯ ಫೌಂಡರ್ಸ್ ಆನ್‌ಲೈನ್ ಎಂಬ ತಾಣದಲ್ಲಿಯೂ ಮೈಸೂರಿನಲ್ಲಿ ಕುಳಿತೇ ಹಣ ಕೊಡದೆ ಓದಬಹುದು. ಊರಿನ ಹುಟ್ಟು, ಮದುವೆ, ಸಾವುಗಳಿಗೆ ಕ್ವಿನ್ಸಿ ಮೊದಲು ಸೇರಿದ್ದ ಬ್ರೈನ್‌ಟ್ರೀ ಊರಿನ 1640ರಿಂದ 1793ರವರೆಗಿನ ದಾಖಲೆಗಳ ಮುದ್ರಿತ ಸಂಪುಟವಿದೆ. ಅದು 1886ರಲ್ಲಿ ಅಚ್ಚಾದದ್ದು.

ಆಕರಗಳು ಇಷ್ಟು ಸಮೃದ್ಧವಾಗಿದ್ದರೂ ನನ್ನ ಮೊದಲ ಆರು ತಿಂಗಳು ವ್ಯರ್ಥವಾದವು. ಒಂದು ಚಂದಾ ಜಾಲತಾಣದಲ್ಲಿ ಸದಸ್ಯರೊಬ್ಬರು ಕಟ್ಟಿಟ್ಟಿದ್ದ ಆಡಮ್ಸ್ ವಂಶವೃಕ್ಷವನ್ನು ಗೆಡ್‌ಕಾಮ್ ಕಡತವಾಗಿ (ವಂಶಾವಳಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಕಡತದ ರೂಪ) ಇಳಿಸಿಕೊಂಡು, ಸುಮಾರು ಮೂರು ಸಾವಿರ ಹೆಸರುಗಳನ್ನು ಒಂದೇ ಸಲಕ್ಕೆ ಗ್ರ್ಯಾಂಪ್ಸ್‌ಗೆ ತುಂಬಿಕೊಂಡೆ. ಕಡತವೇನೋ ಸಲೀಸಾಗಿ ಒಳಗೆ ಬಂತು. ಅನಂತರ ಮಾಹಿತಿಯನ್ನು ಪರಿಶೀಲಿಸುವ ಉಪಕರಣವನ್ನು ಓಡಿಸಿದಾಗ, ತಾಯಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮಕ್ಕಳು, ಒಂಬತ್ತನೆಯ ವಯಸ್ಸಿನಲ್ಲಿ ತಂದೆಯಾದವರು, ನೂರಿಪ್ಪತ್ತು ವರ್ಷ ಬದುಕಿದವರು ಸಾಲುಸಾಲಾಗಿ ಹೊರಬಂದರು. ಮೂಲಪುರುಷ ಹೆನ್ರಿ ಆಡಮ್ಸ್‌ನನ್ನು ಮಧ್ಯಯುಗದ ವೇಲ್ಸ್ ಗಡಿಯ ಅಪ್ ಆಡಮ್ ಎಂಬ ಸಾಮಂತ ಮನೆತನಕ್ಕೆ ಜೋಡಿಸಿದ್ದ ದೀರ್ಘ ಸರಪಳಿಯೂ ಅದರಲ್ಲಿತ್ತು. ಆ ಸರಪಳಿಗೆ ಆಧಾರವಿಲ್ಲವೆಂದು ಬಲ್ಲವರು ತಳ್ಳಿಹಾಕಿ ಎಷ್ಟೋ ಕಾಲವಾಗಿದೆ. ಆದರೂ ಒಬ್ಬರಿಂದ ಒಬ್ಬರು ನಕಲು ಮಾಡಿಕೊಳ್ಳುವುದರಿಂದ ಅದು ಇನ್ನೂ ಜೀವಂತವಾಗಿದೆ. ಎಲ್ಲವನ್ನೂ ಅಳಿಸಿ, ಬರಿದಾದ ಕಡತದಿಂದ, ಒಬ್ಬೊಬ್ಬರನ್ನೇ ಆಧಾರಸಮೇತ ಸೇರಿಸಲು ಆರಂಭಿಸಿದೆ. ಇಂದು ನನ್ನ ಕಡತದಲ್ಲಿ ಒಂಬೈನೂರರಷ್ಟು ಜನರಿದ್ದಾರೆ. ಅವರಲ್ಲಿ ಆಧಾರವಿಲ್ಲದೆ ಕುಳಿತವರು ಯಾರೂ ಇಲ್ಲ.

ಈ ಎರಡನೆಯ ಆರಂಭದಲ್ಲಿಯೇ ಗ್ರ್ಯಾಂಪ್ಸ್‌ನ ನಿಜವಾದ ಬೆಲೆ ನನಗೆ ತಿಳಿದದ್ದು. ಇದರಲ್ಲಿ ಆಕರವೇ ಬೇರೆ, ಆ ಆಕರದ ಇಂಥ ಪುಟದಲ್ಲಿ ಇಂಥ ಮಾತಿದೆ ಎಂಬ ಉಲ್ಲೇಖವೇ ಬೇರೆ, ಆಕರವನ್ನು ಇಟ್ಟುಕೊಂಡಿರುವ ಭಂಡಾರವೇ ಬೇರೆ. ಪ್ರತಿ ಉಲ್ಲೇಖಕ್ಕೂ ಅದು ಎಷ್ಟು ನಂಬಲರ್ಹ ಎಂಬುದನ್ನು ಐದು ಹಂತಗಳಲ್ಲಿ ಒಂದನ್ನು ಆರಿಸಿ ಗುರುತಿಸಬಹುದು. ಗ್ರಂಥಾಲಯದಲ್ಲಿ ದುಡಿದ ನನಗೆ ಈ ಕ್ರಮ ಹೊಸದೇನಲ್ಲ. ಆದರೆ ಹೆನ್ರಿ ಆಡಮ್ಸ್‌ನ ಹುಟ್ಟೂರನ್ನು ಬರೆಯಲು ಕುಳಿತ ದಿನ ಇದಿಲ್ಲದಿದ್ದರೆ ನಾನು ದಾರಿ ತಪ್ಪುತ್ತಿದ್ದೆ. ಕ್ವಿನ್ಸಿಯ ಹಳೆಯ ಸ್ಮಶಾನದಲ್ಲಿ ಈ ಹೆನ್ರಿಯ ನೆನಪಿಗೆ ಅಧ್ಯಕ್ಷ ಜಾನ್ ಆಡಮ್ಸ್ ಅವರೇ ನಿಲ್ಲಿಸಿದ ಕಲ್ಲಿನಲ್ಲಿ, ಹೆನ್ರಿ ಡೆವನ್‌ಷೈರಿನಲ್ಲಿ ನಡೆಯುತ್ತಿದ್ದ ಧಾರ್ಮಿಕ ಕಿರುಕುಳವನ್ನು ತಾಳಲಾರದೆ ಎಂಟು ಗಂಡುಮಕ್ಕಳೊಡನೆ ಬಂದು ಮೌಂಟ್ ವೊಲಾಸ್ಟನ್ನಿನ ಬಳಿ ನೆಲೆನಿಂತನೆಂದು ಬರೆದಿದೆ. ದೇಶದ ಅಧ್ಯಕ್ಷರು, ಅದೂ ಆ ವಂಶದವರೇ, ಕಲ್ಲಿನಲ್ಲಿ ಕೆತ್ತಿಸಿದ ಮಾತನ್ನು ಯಾರು ಅನುಮಾನಿಸುತ್ತಾರೆ? ಆದರೆ ಮುಂದಿನ ಸಂಶೋಧಕರು ಇಂಗ್ಲೆಂಡಿನ ಚರ್ಚು ದಾಖಲೆಗಳನ್ನೂ ಉಯಿಲುಗಳನ್ನೂ ಶೋಧಿಸಿ, ಅವನು ಸಾಮರ್ಸೆಟ್ಟಿನ ಬಾರ್ಟನ್ ಸೇಂಟ್ ಡೇವಿಡ್ ಎಂಬ ಹಳ್ಳಿಯವನೆಂದು ತೋರಿಸಿಕೊಟ್ಟರು. ಹೆನ್ರಿ ಸತ್ತದ್ದು 1646ರಲ್ಲಿ. ಜಾನ್ ಆಡಮ್ಸ್ ಹುಟ್ಟಿದ್ದು ಅದಾಗಿ ತೊಂಬತ್ತು ವರ್ಷಗಳ ಹತ್ತಿರಕ್ಕೆ. ಮೂರು ತಲೆಮಾರುಗಳ ಬಾಯಿಂದ ಬಾಯಿಗೆ ಬಂದ ಮಾತು ಪಕ್ಕದ ಕೌಂಟಿಗೆ ಜರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಗ್ರ್ಯಾಂಪ್ಸ್‌ನಲ್ಲಿ ನಾನು ಎರಡು ಹೇಳಿಕೆಗಳನ್ನೂ ಉಳಿಸಿಕೊಂಡಿದ್ದೇನೆ. ಸಾಮರ್ಸೆಟ್ಟನ್ನು ಹುಟ್ಟಿನ ಮುಖ್ಯ ಘಟನೆಯಾಗಿ ಹೆಚ್ಚಿನ ವಿಶ್ವಾಸದ ಉಲ್ಲೇಖದೊಡನೆ ಇಟ್ಟು, ಡೆವನ್‌ಷೈರನ್ನು ಪರ್ಯಾಯ ಘಟನೆಯಾಗಿ, ಕಲ್ಲಿನ ಬರಹವನ್ನೇ ಆಕರವಾಗಿಸಿ, ಕಡಿಮೆ ವಿಶ್ವಾಸದ ಗುರುತಿನೊಡನೆ ಇಟ್ಟಿದ್ದೇನೆ. ತಪ್ಪಾದ ಹೇಳಿಕೆಯನ್ನು ಅಳಿಸಿಬಿಟ್ಟರೆ, ನಾಳೆ ಆ ಕಲ್ಲನ್ನು ಓದಿ ಬಂದವರು ಮತ್ತೆ ಅದನ್ನೇ ಸೇರಿಸುತ್ತಾರೆ. ಅದೇ ಕಲ್ಲು ಎಂಟು ಗಂಡುಮಕ್ಕಳನ್ನು ಎಣಿಸಿ ನಿಲ್ಲುತ್ತದೆ. ಹೆನ್ರಿಗೆ ಅರ್ಸುಲಾ ಎಂಬ ಮಗಳೂ ಇದ್ದಳು, ಅವನ ಉಯಿಲಿನಲ್ಲಿ ಅವಳ ಹೆಸರಿದೆ. ಅವಳ ಪುಟವನ್ನು ತೆರೆದು ಆ ಉಯಿಲನ್ನು ಆಕರವಾಗಿ ಜೋಡಿಸಿದ ಸಂಜೆ ನನಗಾದ ಸಮಾಧಾನ ಅಧ್ಯಕ್ಷರ ಪುಟಗಳನ್ನು ತುಂಬಿದಾಗಲೂ ಆಗಿರಲಿಲ್ಲ.

ತಾರೀಖುಗಳ ವಿಷಯದಲ್ಲಿ ಇದಕ್ಕೆ ಸಾಟಿಯಾದ ತಂತ್ರಾಂಶವನ್ನು ನಾನು ಕಂಡಿಲ್ಲ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿದ್ದವು. ಕಾನೂನಿನ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಎಣಿಸಿ ಹನ್ನೊಂದು ದಿನಗಳನ್ನು ಬಿಟ್ಟರು. ಹೀಗಾಗಿ ಜಾನ್ ಆಡಮ್ಸ್ ಹುಟ್ಟಿದ ದಿನ ಒಂದು ಕಡೆ 1735ರ ಅಕ್ಟೋಬರ್ 19 ಎಂದೂ ಇನ್ನೊಂದು ಕಡೆ ಅಕ್ಟೋಬರ್ 30 ಎಂದೂ ಸಿಗುತ್ತದೆ. ಅಬಿಗೇಲ್ ಅವರದು 1744ರ ನವೆಂಬರ್ 11 ಮತ್ತು 22. ಎರಡೂ ಸರಿಯೇ. ಜನವರಿಯಿಂದ ಮಾರ್ಚ್ 24ರ ನಡುವೆ ಹುಟ್ಟಿದವರಿಗಂತೂ ವರ್ಷವೇ ಎರಡಾಗುತ್ತದೆ. ಜಾರ್ಜ್ ವಾಷಿಂಗ್ಟನ್ನರ ಜನ್ಮವರ್ಷ ಮನೆಯ ದಾಖಲೆಯಲ್ಲಿ 1731/32 ಎಂದು ಇರುವುದು ಇದೇ ಕಾರಣಕ್ಕೆ. ಗ್ರ್ಯಾಂಪ್ಸ್‌ನಲ್ಲಿ ತಾರೀಖನ್ನು ಮೂಲದಲ್ಲಿ ಇದ್ದ ಹಾಗೆಯೇ ಜೂಲಿಯನ್ ಎಂದು ಗುರುತಿಸಿ ಬರೆಯಬಹುದು, ಜೋಡಿ ವರ್ಷವನ್ನು ಹಾಕಬಹುದು, ಹೊಸ ವರ್ಷ ಯಾವ ದಿನ ಆರಂಭವಾಯಿತೆಂದು ಸೂಚಿಸಬಹುದು. ವಯಸ್ಸಿನ ಲೆಕ್ಕವನ್ನೂ ಘಟನೆಗಳ ಅನುಕ್ರಮವನ್ನೂ ಅದು ತಾನೇ ಸರಿಯಾಗಿ ಹೊಂದಿಸಿಕೊಳ್ಳುತ್ತದೆ.

ಊರುಗಳಿಗೂ ಇದೇ ಬಗೆಯ ಏರ್ಪಾಡಿದೆ. ಜಾನ್ ಕ್ವಿನ್ಸಿ ಆಡಮ್ಸ್ 1767ರಲ್ಲಿ ಹುಟ್ಟಿದಾಗ ಆ ಜಾಗ ಬ್ರೈನ್‌ಟ್ರೀ ಊರಿನ ಉತ್ತರ ಭಾಗವಾಗಿತ್ತು. 1792ರಲ್ಲಿ ಅದು ಬೇರೆಯಾಗಿ, ಅಬಿಗೇಲ್ ಅವರ ತಾಯಿಯ ತಂದೆ ಕರ್ನಲ್ ಜಾನ್ ಕ್ವಿನ್ಸಿಯ ಹೆಸರನ್ನು ಪಡೆಯಿತು. ಒಂದೇ ಸ್ಥಳವನ್ನು ಕಾಲಾವಧಿಯೊಡನೆ ಎರಡು ಊರುಗಳ ಅಡಿಯಲ್ಲಿ ಇಡಬಹುದಾದ್ದರಿಂದ, 1767ರ ಘಟನೆಗೆ ಬ್ರೈನ್‌ಟ್ರೀ ಎಂದೂ 1826ರ ಘಟನೆಗೆ ಕ್ವಿನ್ಸಿ ಎಂದೂ ತಂತ್ರಾಂಶವೇ ಬರೆದುಕೊಳ್ಳುತ್ತದೆ.

ಇನ್ನು ಹೆಸರುಗಳ ಪುನರಾವರ್ತನೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲೂ ಇರುವುದರಿಂದ ಇದು ನಮಗೆ ಅಪರಿಚಿತವಲ್ಲ, ಆದರೂ ಈ ಮನೆತನದಲ್ಲಿ ಅದು ಕಾಡುತ್ತದೆ. ಲೂಯಿಸಾ ಕ್ಯಾಥರೀನ್ ಎಂಬವರೇ ಮೂವರು: ಜಾನ್ ಕ್ವಿನ್ಸಿಯ ಹೆಂಡತಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1811ರಲ್ಲಿ ಹುಟ್ಟಿ ಮರುವರ್ಷವೇ ತೀರಿಕೊಂಡ ಮಗಳು, 1831ರಲ್ಲಿ ಹುಟ್ಟಿದ ಮೊಮ್ಮಗಳು. ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಎಂಬವರೂ ಹಲವರು. 1929ರಿಂದ 1933ರವರೆಗೆ ನೌಕಾಪಡೆಯ ಕಾರ್ಯದರ್ಶಿಯಾಗಿದ್ದ ಮೂರನೆಯವರನ್ನು, ಯೂನಿಯನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷರಾಗಿದ್ದ ಎರಡನೆಯವರ ಮಗನೆಂದು ಬರೆದಿರುವುದನ್ನು ನಾನು ಹಲವೆಡೆ ನೋಡಿದ್ದೇನೆ. ವಾಸ್ತವದಲ್ಲಿ ಅವರು ಎರಡನೆಯವರ ಅಣ್ಣ, ಎರಡನೆಯ ಜಾನ್ ಕ್ವಿನ್ಸಿ ಆಡಮ್ಸ್‌ನ ಮಗ. ಗ್ರ್ಯಾಂಪ್ಸ್ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಡುವುದರಿಂದ, ಹೆಸರಿನ ಬದಲು ಆ ಸಂಖ್ಯೆಯನ್ನೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬಳಸುವ ರೂಢಿ ಮಾಡಿಕೊಂಡೆ. ಒಂದೇ ವ್ಯಕ್ತಿ ಎರಡು ಸಲ ಸೇರಿರಬಹುದೇ ಎಂದು ಹುಡುಕುವ ಉಪಕರಣವೂ ಇದೆ. ಅದು ತೋರಿಸಿದ ಜೋಡಿಗಳನ್ನು ಯೋಚಿಸದೆ ಕೂಡಿಸಬಾರದು. ಈ ಮನೆತನದಲ್ಲಿ ಅವರು ನಿಜವಾಗಿ ಇಬ್ಬರಾಗಿರುವುದೇ ಹೆಚ್ಚು.

ಸಂಬಂಧವನ್ನು ಲೆಕ್ಕ ಹಾಕುವ ಉಪಕರಣ ಉಪಯುಕ್ತವಾದರೂ ಅದರ ಭಾಷೆ ನಮಗೆ ಸಾಲದು. ಕ್ರಾಂತಿಯ ಕಾಲದ ನಾಯಕ ಸ್ಯಾಮ್ಯುಯೆಲ್ ಆಡಮ್ಸ್ ಮತ್ತು ಜಾನ್ ಆಡಮ್ಸ್ ಇಬ್ಬರನ್ನೂ ಆರಿಸಿದರೆ ಅದು ಸೆಕೆಂಡ್ ಕಸಿನ್ ಎಂದು ಹೇಳುತ್ತದೆ. ಇಬ್ಬರ ಅಜ್ಜಂದಿರೂ ಅಣ್ಣತಮ್ಮಂದಿರು, ತಂದೆಯ ಕಡೆಯ ಒಂದೇ ವಂಶ. ನಮ್ಮ ಮಾತಿನಲ್ಲಿ ಅವರು ದಾಯಾದಿಗಳು. ಇನ್ನೊಂದು ಉದಾಹರಣೆ ಇದಕ್ಕಿಂತ ಮುಖ್ಯವಾದದ್ದು. ಜಾನ್ ಕ್ವಿನ್ಸಿಯ ಎರಡನೆಯ ಮಗ ಜಾನ್ 1828ರಲ್ಲಿ ಶ್ವೇತಭವನದಲ್ಲಿಯೇ ಮೇರಿ ಹೆಲೆನ್ ಎಂಬವಳನ್ನು ಮದುವೆಯಾದ. ತಂತ್ರಾಂಶ ಅವರನ್ನು ಫಸ್ಟ್ ಕಸಿನ್ ಎಂದಾಗ ಕನ್ನಡದ ಓದುಗರು ಸೋದರಮಾವನ ಮಗಳೆಂದೋ ಸೋದರತ್ತೆಯ ಮಗಳೆಂದೋ ಸಹಜವಾಗಿ ಊಹಿಸುತ್ತಾರೆ. ಆದರೆ ಮೇರಿ ಅವನ ತಾಯಿಯ ಅಕ್ಕನ ಮಗಳು, ಅಂದರೆ ದೊಡ್ಡಮ್ಮನ ಮಗಳು. ನಮ್ಮಲ್ಲಿ ತಂಗಿಯ ಸ್ಥಾನದಲ್ಲಿರುವವಳು. ಇಂಥ ಕಡೆಗಳಲ್ಲೆಲ್ಲ ನಾನು ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟಿದ್ದೇನೆ. ಪರದೆಯ ಭಾಷೆ ಇಂಗ್ಲಿಷಿನಲ್ಲಿದ್ದರೂ ಟಿಪ್ಪಣಿಯಲ್ಲಿ ಕನ್ನಡ ಲಿಪಿ ತೊಂದರೆಯಿಲ್ಲದೆ ಕೂಡುತ್ತದೆ. ಹಾಗೆಯೇ ಜಾನ್ ಆಡಮ್ಸ್ ಅವರ ಮಗಳು ನ್ಯಾಬಿ ವಿಲಿಯಂ ಸ್ಟೀಫನ್ಸ್ ಸ್ಮಿತ್‌ನನ್ನೂ, ಮಗ ಚಾರ್ಲ್ಸ್ ಆ ವಿಲಿಯಮ್ಮನ ತಂಗಿ ಸ್ಯಾಲಿಯನ್ನೂ ಮದುವೆಯಾದದ್ದಕ್ಕೆ ನಾನು ಬರೆದುಕೊಂಡ ಮಾತು, ಕೊಟ್ಟು ತಂದ ಸಂಬಂಧ.

ಈಗ ಕೊರತೆಗಳು. ಕಲಿಯುವುದು ಕಷ್ಟ, ಇದನ್ನು ಮುಚ್ಚಿಡಬಾರದು. ವ್ಯಕ್ತಿ, ಕುಟುಂಬ, ಘಟನೆ, ಸ್ಥಳ, ಆಕರ, ಉಲ್ಲೇಖ, ಭಂಡಾರ, ಟಿಪ್ಪಣಿ ಎಲ್ಲವೂ ಬೇರೆ ಬೇರೆ ಕಿಟಕಿಗಳಲ್ಲಿದ್ದು, ಒಂದು ಮದುವೆಯನ್ನು ಆಧಾರಸಮೇತ ದಾಖಲಿಸಲು ಮೊದಲ ದಿನಗಳಲ್ಲಿ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಮನೆಯ ನಾಲ್ಕು ಜನ ಬೇರೆ ಬೇರೆ ಊರುಗಳಿಂದ ಒಂದೇ ವೃಕ್ಷದಲ್ಲಿ ಕೆಲಸ ಮಾಡಲು ಈ ಮೂಲ ತಂತ್ರಾಂಶ ಒದಗುವುದಿಲ್ಲ. ಅದಕ್ಕೆ ಗ್ರ್ಯಾಂಪ್ಸ್ ವೆಬ್ ಎಂಬ ಪ್ರತ್ಯೇಕ ಯೋಜನೆಯಿದೆ, ಅದನ್ನು ನಿಲ್ಲಿಸಲು ಸರ್ವರಿನ ತಿಳಿವಳಿಕೆ ಬೇಕು. ಮುದ್ರಣಕ್ಕೆ ಕೊಡುವ ವರದಿಗಳು ನಿಖರವಾಗಿವೆ, ಅಂದವಾಗಿಲ್ಲ. ನಾನು ಒಂದು ನಕ್ಷತ್ರ ಕಡಿಮೆ ಮಾಡಿದ್ದು ಮುಖ್ಯವಾಗಿ ಮೊದಲ ಕಾರಣಕ್ಕೆ: ತಮ್ಮ ಅಜ್ಜಿ ಹೇಳಿದ್ದನ್ನು ಬರೆದಿಡಬೇಕೆಂದು ಆಸೆಪಟ್ಟು ಬಂದವರು ಎರಡನೆಯ ದಿನವೇ ಬಿಟ್ಟುಹೋಗುವಷ್ಟು ಕಠಿಣವಾಗಿದೆ ಇದರ ಹೊಸ್ತಿಲು.

ಬದುಕಿರುವವರ ವಿವರಗಳಿಗೆ ಖಾಸಗಿ ಎಂಬ ಗುರುತು ಹಾಕಿದರೆ, ಕಡತವನ್ನು ಬೇರೆಯವರಿಗೆ ಕೊಡುವಾಗ ಅವುಗಳನ್ನು ಬಿಟ್ಟು ಕೊಡಬಹುದು. ನಾನಂತೂ ಈಗಿನ ತಲೆಮಾರುಗಳನ್ನು ಸೇರಿಸಿಯೇ ಇಲ್ಲ; ಪ್ರಸಿದ್ಧ ಮನೆತನದಲ್ಲಿ ಹುಟ್ಟಿದ ಮಾತ್ರಕ್ಕೆ ಅವರ ಬದುಕು ನಮ್ಮ ಕುತೂಹಲದ ವಸ್ತುವಾಗಬಾರದು ಎಂಬುದು ನನ್ನ ನಿಲುವು.

ಹೊಸದಾಗಿ ಬಳಸುವವರಿಗೆ ಎರಡು ಸೂಚನೆಗಳು. ಮೊದಲನೆಯದು, ವ್ಯಕ್ತಿಗಳನ್ನು ಸೇರಿಸುವ ಮುನ್ನ ಭಂಡಾರ ಮತ್ತು ಆಕರಗಳ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಿ. ಬ್ರೈನ್‌ಟ್ರೀ ದಾಖಲೆಗಳಂಥ ಒಂದು ಆಕರವನ್ನು ಒಮ್ಮೆ ಸರಿಯಾಗಿ ಬರೆದುಕೊಂಡರೆ ಮುಂದೆ ನೂರಾರು ಉಲ್ಲೇಖಗಳಿಗೆ ಪುಟಸಂಖ್ಯೆ ಸೇರಿಸಿದರೆ ಸಾಕು. ಎರಡನೆಯದು, ಹೊಸ ಆವೃತ್ತಿಗೆ ಹೋಗುವ ಮುನ್ನ ತಪ್ಪದೆ ಕಡತದ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. ಮೂರನೆಯ ವರ್ಷ ನನ್ನ ಹಳೆಯ ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟು ಹೋದಾಗ, ಹಿಂದಿನ ಭಾನುವಾರ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದ ಪ್ರತಿಯಿಂದ ಹೊಸ ಕಂಪ್ಯೂಟರಿನಲ್ಲಿ ಹೆನ್ರಿಯಿಂದ ಹಿಡಿದು ಕೊನೆಯ ಟಿಪ್ಪಣಿಯವರೆಗೆ ಎಲ್ಲವೂ ಹತ್ತು ನಿಮಿಷದಲ್ಲಿ ಮರಳಿ ಬಂತು. ಕಳೆದುಹೋದದ್ದು ನಾಲ್ಕು ದಿನಗಳ ಕೆಲಸ ಮಾತ್ರ.