ಎತ್ತರದ ಹಾರಾಟಕ್ಕೆ ಬೆರಳಿನ ಆಕ್ಸಿಮೀಟರೋ, ಸ್ಮಾರ್ಟ್‌ವಾಚೋ?

ಕ್ಯಾಬಿನ್ನಿನ ಒತ್ತಡ ಕಾಯ್ದುಕೊಳ್ಳದ ಸಣ್ಣ ವಿಮಾನದಲ್ಲಿ 10,000 ಅಡಿ ದಾಟಿದ ಪೈಲಟ್‌ಗೆ ತನ್ನ ರಕ್ತದ ಆಮ್ಲಜನಕ ಇಳಿಯುತ್ತಿರುವುದು ಸುಲಭವಾಗಿ ತಿಳಿಯುವುದಿಲ್ಲ. ಮಂಕಾಗುತ್ತಿರುವ ಬುದ್ಧಿಯೇ ಎಲ್ಲವೂ ಸರಿಯಿದೆಯೆಂದು ನಂಬಿಸುತ್ತದೆ.

ಈ ಇಳಿತವನ್ನು ಅಂಕಿಯಲ್ಲಿ ತೋರಿಸಲು ಬೆರಳಿನ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಅಥವಾ ಸ್ಮಾರ್ಟ್‌ವಾಚ್ ನೆರವಾಗಬಲ್ಲದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಆಚೆ ಬದಿಯಲ್ಲಿ ಅಳೆಯುವುದರಿಂದ, ಮಣಿಕಟ್ಟಿನಿಂದ ಹಿಂದಿರುಗುವ ಬೆಳಕನ್ನಷ್ಟೇ ನೆಚ್ಚಿಕೊಂಡ ಸ್ಮಾರ್ಟ್‌ವಾಚಿಗಿಂತ ಅದಕ್ಕೆ ಸಿಗುವ ಸಂಕೇತ ಸಾಮಾನ್ಯವಾಗಿ ಬಲವಾಗಿರುತ್ತದೆ. ವಾಚಿನ ದೊಡ್ಡ ಅನುಕೂಲವೆಂದರೆ ಅದು ಸದಾ ಕೈಯಲ್ಲಿರುವುದು. ಆದರೆ ಹಲವು ವಾಚುಗಳು ಅಳೆಯುವಾಗ ಕೈ ಅಲುಗಾಡಬಾರದು; ಗಾಳಿಗೆ ವಿಮಾನ ಕುಲುಕುತ್ತಿರುವಾಗ ಇದು ಆಗದ ಮಾತು.

ಬೆರಳಿನ ಸಾಧನವೂ ಕುಂದಿಲ್ಲದ್ದಲ್ಲ. ತಣ್ಣಗಾದ ಬೆರಳು, ಗಾಢ ಬಣ್ಣದ ನೇಲ್ ಪಾಲಿಶ್ ಅಂಕಿಯನ್ನು ಕೆಡಿಸಬಲ್ಲವು. ಕಪ್ಪು ಮೈಬಣ್ಣದವರಲ್ಲಿ ಅಂಕಿ ನಿಜಕ್ಕಿಂತ ಹೆಚ್ಚು ಬರುವುದುಂಟು. ಇದಕ್ಕಿಂತ ಗಂಭೀರವಾದುದೆಂದರೆ, ಹೀಟರ್‌ನಿಂದ ಸೋರಿದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬೆರೆತ ರಕ್ತವನ್ನು ಆಕ್ಸಿಮೀಟರ್, ವಾಚು ಎರಡೂ ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸುತ್ತವೆ. ಅದಕ್ಕೆ ಪ್ರತ್ಯೇಕ ಪತ್ತೆಯಂತ್ರವೇ ಬೇಕು.

ಒಂದನ್ನೇ ಕೊಳ್ಳುವುದಾದರೆ ಬೆರಳಿನದೇ ಇರಲಿ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಅಂಕಿ ಚೆನ್ನಾಗಿದ್ದರೆ ನಿಯಮದಿಂದ ವಿನಾಯಿತಿ ಸಿಗುವುದಿಲ್ಲ: ಅಮೆರಿಕದಲ್ಲಿ ಕ್ಯಾಬಿನ್ 12,500 ಅಡಿಗಿಂತ ಮೇಲೆ 30 ನಿಮಿಷ ಮೀರಿದರೆ, 14,000 ಅಡಿ ದಾಟಿದರಂತೂ ಪೂರ್ತಿ ಸಮಯ, ಪೈಲಟ್ ಆಮ್ಲಜನಕ ಬಳಸಲೇಬೇಕು.