ಜೋಡಿ ಎಕ್ಕಕ್ಕೆ ಎಷ್ಟು ರೇಸ್? ಲಿಂಪ್, ಎರಡರಷ್ಟು, ಮೂರರಷ್ಟು, ಆರರಷ್ಟು

ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ (ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಐದು ಎಲೆ, ಬೆಟ್‌ಗೆ ಮಿತಿಯಿಲ್ಲದ ಪೋಕರ್) ಜೋಡಿ ಎಕ್ಕ ಸರಾಸರಿ 221 ಕೈಗೆ ಒಮ್ಮೆ ಬರುತ್ತದೆ. ಬಂದಾಗ ಫ್ಲಾಪ್‌ಗೆ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಿಗೆ) ಮುಂಚೆ ಎಷ್ಟು ಹಾಕಬೇಕು ಎಂದು ನಾಲ್ಕೂ ಬಗೆ ಆಡಿ ನೋಡಿದ್ದೇವೆ. ಲೆಕ್ಕಕ್ಕೆ ಬ್ಲೈಂಡ್ (ಇಬ್ಬರು ಮೊದಲೇ ಕಡ್ಡಾಯವಾಗಿ ಇಡುವ ಮೊತ್ತ, ದೊಡ್ಡದು ಬಿಗ್ ಬ್ಲೈಂಡ್) 50/100, ಪ್ರತಿಯೊಬ್ಬರ ಮುಂದೆ 10,000 ಚಿಪ್.

ಲಿಂಪ್ ಮಾಡಿ (ರೇಸ್ ಮಾಡದೆ, ಅಂದರೆ ಮೊತ್ತ ಏರಿಸದೆ, ಬಿಗ್ ಬ್ಲೈಂಡ್‌ನಷ್ಟೇ ಹಾಕಿ) ಬಲೆ ಬೀಸುವುದು ಬಹಳ ಜನಕ್ಕೆ ಇಷ್ಟ, ನಮಗಲ್ಲ. ಎದುರಿಗೆ ಒಬ್ಬನೇ ಇದ್ದು ಅವನ ಎಲೆ ಯಾವುದಾದರೂ ಆಗಿರಲಿ, ಜೋಡಿ ಎಕ್ಕದ ಗೆಲುವಿನ ಪಾಲು 85%. ಅಂಥವರು ನಾಲ್ವರು ಒಳಗೆ ಬಂದರೆ ಅದು 56%ಕ್ಕೆ ಕುಸಿಯುತ್ತದೆ. ಬಿಗ್ ಬ್ಲೈಂಡ್‌ನಲ್ಲಿ ಕೂತವನು ಪುಕ್ಕಟೆ ಫ್ಲಾಪ್ ನೋಡುತ್ತಾನೆ, ಅವನ ಕೈಯಲ್ಲಿ ಏನಿದೆಯೆಂದು ಊಹಿಸಲೂ ಆಗದು. ನಿಮ್ಮ ನಂತರ ಆಡುವವರು ಮಾತೆತ್ತಿದರೆ ರೇಸ್ ಮಾಡುವವರಾದರೆ ಮಾತ್ರ ಲಿಂಪ್ ಸರಿ.

ಬಿಗ್ ಬ್ಲೈಂಡ್‌ನ ಎರಡರಷ್ಟು, ಅಂದರೆ 200 ಹಾಕಿದರೆ, ಬಿಗ್ ಬ್ಲೈಂಡ್‌ನಲ್ಲಿ ಕೂತವನು 350ರ ಪಾಟ್‌ಗೆ (ನಡುವೆ ಸೇರಿದ ಒಟ್ಟು ಚಿಪ್‌ಗೆ) ಇನ್ನು 100 ಕೊಟ್ಟರೆ ಸಾಕು. 22% ಪಾಲಿದ್ದರೂ ಅವನಿಗೆ ನಷ್ಟವಿಲ್ಲ. ಟೂರ್ನಮೆಂಟ್‌ನಲ್ಲಿ 20–25 ಬಿಗ್ ಬ್ಲೈಂಡ್ ಉಳಿದಾಗ ಈ ಅಳತೆ ಚೆನ್ನ. ಚಿಪ್ ತುಂಬಿರುವಾಗ ಪಾಟ್ ತೀರಾ ಸಣ್ಣದಾಗುತ್ತದೆ.

300ಕ್ಕೆ ಅದೇ ಎದುರಾಳಿಗೆ 31% ಬೇಕು. ಅವನೊಬ್ಬ ಕಾಲ್ ಮಾಡಿದರೆ (ನಿಮ್ಮಷ್ಟೇ ಹಾಕಿ ಉಳಿದರೆ) ಪಾಟ್ 650, ಉಳಿದದ್ದು 9,700. ಫ್ಲಾಪ್, ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ ಎಲೆ) ಮೂರರಲ್ಲೂ ಪಾಟ್‌ಗಿಂತ ತುಸು ಹೆಚ್ಚು ಬೆಟ್ ಮಾಡಿದರೆ ಪೂರ್ತಿ ಒಳಗೆ ಹೋಗುತ್ತದೆ. ಮೊದಲೇ ಲಿಂಪ್ ಮಾಡಿದ ಪ್ರತಿಯೊಬ್ಬನಿಗೂ 100 ಸೇರಿಸಲೇಬೇಕು, ಇಬ್ಬರಿದ್ದರೆ 500. ಇದನ್ನು ಮರೆತು 300 ಇಟ್ಟಿರೋ, ಒಬ್ಬ ಕಾಲ್ ಮಾಡಿದ ಕೂಡಲೇ ಉಳಿದವರಿಗೂ ಅಗ್ಗವಾಗಿ ಎಲ್ಲರೂ ಹಿಂದೆಯೇ ಬರುತ್ತಾರೆ. ಎಕ್ಕಕ್ಕೆ 400, ಮಿಕ್ಕ ಎಲೆಗಳಿಗೆ 250 ಎಂದು ಬದಲಿಸುವುದೂ ತಪ್ಪು, ಗಮನವಿಟ್ಟು ಆಡುವವರಿಗೆ ಗುಟ್ಟು ಬಿಟ್ಟುಕೊಟ್ಟಂತೆ.

600ಕ್ಕೆ ಎಕ್ಕ-ಗುಲಾಮ, ಸಣ್ಣ ಜೋಡಿಗಳಂಥ ನಮಗೆ ಬೇಕಾದ ಕೈಗಳೇ ಎದ್ದು ಹೋಗುತ್ತವೆ. ಸಿಗುವುದು ಬ್ಲೈಂಡ್‌ಗಳ 150 ಚಿಪ್ ಮಾತ್ರ. ಆದರೆ ಎಷ್ಟೇ ಹಾಕಿದರೂ ಕಾಲ್ ಮಾಡುವ ಮೇಜಿನಲ್ಲಿ ಇದೇ ಎಲ್ಲಕ್ಕಿಂತ ಲಾಭದ್ದು.

ಎದುರಾಳಿಯೇ ಮೊದಲು 300 ಮಾಡಿದಾಗ ವ್ಯತ್ಯಾಸ ಇನ್ನೂ ಸ್ಪಷ್ಟ. ಫ್ಲಾಪ್ ನಂತರ ನೀವು ಕೊನೆಗೆ ಆಡುವುದಾದರೆ ಮರು-ರೇಸ್ 900, ಮೊದಲು ಆಡುವುದಾದರೆ 1,200ರ ಹತ್ತಿರ. 900ಕ್ಕೆ ಅವನು ಕಾಲ್ ಮಾಡಿ ಬ್ಲೈಂಡ್‌ಗಳು ಬಿಟ್ಟರೆ ಪಾಟ್ 1,950, ಉಳಿದದ್ದು 9,100. ಈಗ ಪ್ರತಿ ಸಲ ಪಾಟ್‌ನ 60% ಬೆಟ್ ಸಾಕು. ಬರೀ ಕಾಲ್ ಮಾಡಿದರೆ ಈ ಅನುಕೂಲ ಕೈತಪ್ಪುತ್ತದೆ. ಜೋಡಿ ರಾಜನಿಗಂತೂ ಮರು-ರೇಸ್ ಬೇಕೇ ಬೇಕು: ಫ್ಲಾಪ್‌ನಲ್ಲಿ ಎಕ್ಕ ಬೀಳುವ ಸಾಧ್ಯತೆ ಸುಮಾರು 23%, ಆದ್ದರಿಂದ ಎಕ್ಕ ಹಿಡಿದು ಅಗ್ಗವಾಗಿ ಬರುವವರನ್ನು ಮೊದಲೇ ಕಡಿಮೆ ಮಾಡಬೇಕು.

ಎಕ್ಕ-ರಾಜ ಫ್ಲಾಪ್‌ನಲ್ಲಿ ಜೋಡಿಯಾಗುವುದು ಮೂರಕ್ಕೆ ಒಮ್ಮೆ. ಹಾಗಾಗಿ ಅಲ್ಲೂ ಮರು-ರೇಸ್ ಮಾಡುತ್ತೇವೆ, ಎದುರಾಳಿ ಫೋಲ್ಡ್ ಮಾಡಿದರೂ (ಎಲೆ ಬಿಟ್ಟರೂ) ಗೆಲುವೇ. ಬಿಗಿಯಾಗಿ ಆಡುವವನು ಅದಕ್ಕೂ ಮೇಲೆ 2,200 ಇಟ್ಟರೆ ಎಕ್ಕ-ರಾಜ ಮತ್ತು ಜೋಡಿ ರಾಣಿ ಎರಡನ್ನೂ ಅಲ್ಲೇ ಬಿಟ್ಟುಬಿಡುತ್ತೇವೆ.